ಕಕ್ಕಡ ಹತ್ತೊಂಬತ್ತು

ನಿನ್ನೆ ಊರೆಲ್ಲ ಮದ್ದುಸೊಪ್ಪಿನ ಪಾಯಸ ಉಂಡಿತ್ತು.
ಇವತ್ತು ನನ್ನ ಶೀಶೆಗಳೆಲ್ಲ ಕೆಂಪು.

ಬಾಳೆಲೆಯ ಶುಂಠಿ ಗದ್ದೆ, ಬದುವಿನ ಮೇಲೆ
ಐಸು ತುಂಬಿದ ಪೆಟ್ಟಿಗೆ ಇಟ್ಟು ಕೂತಿದ್ದೇನೆ.
ಪೊದೆಯ ಹಿಂದಿನಿಂದ ಒಬ್ಬೊಬ್ಬರೇ ಬರುತ್ತಾರೆ
ಮುಚ್ಚಳ ಬಿಗಿದು, ನಗು ಬಿಗಿಹಿಡಿದು.
"ನೋಡಕ್ಕ, ನಂದೇ ಜಾಸ್ತಿ ಕೆಂಪು,
ಹದಿನೆಂಟೂ ಔಷಧಿ ಹಿಡಿದಿದೆ ನಂಗೆ"
ಅನ್ನುತ್ತಾನೆ ಚುಬ್ರ.
ಬೆನ್ನಿಗೆ ಹದಿನಾರು ಲೀಟರಿನ ಕ್ಯಾನು,
ಪಟ್ಟಿ ಉಜ್ಜಿದಲ್ಲಿ ಅಂಗಿ ಬೆಳ್ಳಗೆ.

ಅದರೊಳಗಿರುವುದಕ್ಕೂ ಮದ್ದು ಅಂತಲೇ ಹೆಸರು.
ಆಗದವರು ಊಟದಲ್ಲಿ ಇಡುವುದಕ್ಕೂ.
ಉಂಡ ಮದ್ದು ಮರುದಿನವೇ ಹೊರಬಂದು
ಲೆಕ್ಕ ಒಪ್ಪಿಸುತ್ತದೆ.
ಹೊಡೆದ ಮದ್ದು ಬಣ್ಣವಿಲ್ಲದೆ ಒಳಹೊಕ್ಕು
ಸುಮ್ಮನೆ ಕೂತಿರುತ್ತದೆ,
ಒಂದು ಬೆಳಿಗ್ಗೆ
ಅಂಗಿಯ ಗುಂಡಿ ಹಾಕಲು ಬೆರಳು ಒಪ್ಪುವುದಿಲ್ಲ.

ಫಾರಂನ ಮೊದಲ ಕಾಲಂ:
ಮೂವತ್ತು ದಿನ ಮದ್ದು ಮುಟ್ಟದೆ ಕೊಟ್ಟ ಮಾದರಿ.
ಉಳಿದದ್ದನ್ನೆಲ್ಲ ಅದರ ಪಕ್ಕ ಇಟ್ಟು ಅಳೆಯಬೇಕು.
ಯಾವಾಗ ಬಿಟ್ಟಿದ್ದೆ ಮೂವತ್ತು ದಿನ?
ಚುಬ್ರ ಬೆರಳು ಮಡಚುತ್ತಾನೆ. ಕಾಫಿಗೆ, ಮೆಣಸಿಗೆ,
ಶುಂಠಿಗೆ, ಮತ್ತೆ ಕಾಫಿಯ ಕಾಂಡಕ್ಕೆ, ಹುಲ್ಲಿಗೆ.
"ಕಾಲು ಮುರಿದಾಗ" ಅನ್ನುತ್ತಾನೆ ಕೊನೆಗೆ.
ಯಾವ ವರ್ಷ?
"ದೊಡ್ಡ ಮಗಳು ಹುಟ್ಟಿದ ವರ್ಷ."
ಅವಳೀಗ ಆಚೆ ಸಾಲಿನಲ್ಲಿ ಕಳೆ ಕೀಳುತ್ತಿದ್ದಾಳೆ.
ಕಾಲಂಗೆ ಗೀಟು ಎಳೆದೆ.

"ನಂದು ಬೇಡ್ವಾ?" ಬೆಳ್ಚಿ ಕೇಳಿದಳು.
ಡ್ರಮ್ಮಿಗೆ ನೀರು ಹೊರುವವಳು, ಕೋಲಿನಿಂದ ಕಲಸುವವಳು,
ಕೋಲು ಸಿಗದಿದ್ದರೆ ಕೈಯಿಂದ.
ನನ್ನ ಪಟ್ಟಿಯಲ್ಲಿ ಹೊಡೆಯುವವರು ಮಾತ್ರ.
ಮಿಕ್ಕಿದ್ದೊಂದು ಶೀಶೆ ಕೊಟ್ಟೆ, ನಂಬರಿಲ್ಲದ್ದು.
ತಂದಳು. ತಿಳಿಯಾಗಿತ್ತು, ನೀರಿನಷ್ಟು.
"ಪಾಯಸ ಮಕ್ಕಳಿಗೇ ಸಾಲಲಿಲ್ಲ" ಅಂದಳು,
ತಪ್ಪು ಮಾಡಿದವಳ ಹಾಗೆ.

ಸಂಜೆ ಸೇತುವೆಯಡಿ ಇಳಿದೆ.
ಲಕ್ಷ್ಮಣತೀರ್ಥ ಕೆಂಪಗೆ, ತುಂಬಿ, ದಡ ಕಚ್ಚುತ್ತಿತ್ತು.
ಕಲ್ಲುಗಟ್ಟೆಯ ಮೇಲೆ ನೀರುನಾಯಿಯ ಹಿಕ್ಕೆ:
ಏಡಿಯ ಚಿಪ್ಪು, ಮೀನಿನ ಪೊರೆ,
ಕಪ್ಪೆಯದೋ ಏನೋ ಒಂದು ಸಣ್ಣ ಮೂಳೆ.
ಚಮಚದಲ್ಲಿ ಎತ್ತಿ ಚೀಟಿ ಅಂಟಿಸಿದೆ.
ಅದರ ಫಾರಂನಲ್ಲೂ ಅದೇ ಮೊದಲ ಕಾಲಂ.
ಯಾರನ್ನು ಕೇಳಲಿ? ಹೊಳೆಗೆ ಯಾವಾಗ ಕಾಲು ಮುರಿದಿತ್ತು?

ಗೋಣಿಕೊಪ್ಪದ ಕೊನೇ ಬಸ್ಸಿನಲ್ಲಿ
ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೆ.
ಐಸು ಕರಗಿ ಸೀರೆ ಒದ್ದೆ.
"ಮೀನಾ?" ಅಂದ ಕಂಡಕ್ಟರ್.
ಹೂಂ ಅಂದೆ.

ನಾಲ್ಕನೇ ದಿನ ಮೈಸೂರಿನಿಂದ ಫೋನು.
"ಕೆಂಪಿದ್ದದ್ದು ಒಂದೂ ಓದೋಕೆ ಬರಲ್ಲ ಮೇಡಂ,
ಬಣ್ಣ ಅಡ್ಡ ಬರ್ತಿದೆ, ಮತ್ತೆ ಕಳಿಸಿ.
ಪ್ರಾಣೀದು ಓದಿದೀವಿ.
ನಂಬರಿಲ್ಲದ್ದು ಒಂದಿತ್ತಲ್ಲ, ಅದೂ ಬಂತು.
ಯಾರ್ದದು?"

ನೀರು ಹೊರುವವಳದು ಅಂದೆ.
ಆ ಕಡೆ ಕಾಗದ ಮಗುಚಿದ ಸದ್ದು.
ಎರಡೂ ಅಂಕಿ ಹೇಳಿದರು.
ಇನ್ನೊಂದು ಸಲ ಹೇಳಿ ಅಂದೆ,
ಯಾವುದು ಯಾರದು ಅಂತ.