ಗಂಟಲಿನ ಗುರುತು

ಆಪಿಯಾದ ಆಸ್ಪತ್ರೆಯ ಕಿಟಕಿಗೆ ಮೊಣಕೈ ಊರಿ
ಮುದುಕ ಹೆಸರು ಹೇಳಿದ: ಫ'ಅಲೊಂಗೊ.
ಪೆನಿತಿತೊ ಟೈಪಿಸಿದ. ಪರದೆ ಕೆಂಪಾಯಿತು.
ಮತ್ತೆ ಟೈಪಿಸಿದ. ಮತ್ತೆ ಕೆಂಪು.
"ನೀವು ದಾಖಲೆಯಲ್ಲೇ ಇಲ್ಲ, ಅಜ್ಜ."
"ಮೂವತ್ತು ವರ್ಷದಿಂದ ಇಲ್ಲೇ ಕೆಮ್ಮುತ್ತಿದ್ದೇನಲ್ಲ!"

ಮಹಡಿಯಿಂದ ಫೆತುವಾವೊ ಇಳಿದು ಬಂದು ನೋಡಿದಳು.
ಹುಡುಕುವ ಸಾಲಿಗೆ ಹೆಸರನ್ನು ಹಸಿಹಸಿಯಾಗಿಯೇ ಹೊಲಿದಿದ್ದಾರೆ:
ಈ ಕಡೆಗೊಂದು ಕೊಕ್ಕೆ, ಆ ಕಡೆಗೊಂದು ಕೊಕ್ಕೆ,
ನಡುವೆ ಅಜ್ಜನ ಗಂಟಲಿನದೇ ಇನ್ನೊಂದು.
'ಫ'ಕ್ಕೇ ಹೆಸರು ಮುಗಿಯಿತೆಂದು ನಂಬಿದ ಯಂತ್ರ
ಉಳಿದದ್ದನ್ನು ಅಪ್ಪಣೆ ಎಂದು ಓದುತ್ತಿದೆ.

ಪಾಪ, ಅಜ್ಜನ ಹೆಸರಿಗೆ ಅಪ್ಪಣೆ ಕೊಡಲು ಬರುವುದಿಲ್ಲ.
ಬರುವವರೂ ಇದ್ದಾರೆ.

ಆ ರಾತ್ರಿ ಒಬ್ಬಳೇ ಕೂತು ತಾನೇ ಕಳ್ಳಿಯಾದಳು.
ಹೆಸರಿನ ಜಾಗದಲ್ಲಿ ಹೆಸರಿಲ್ಲ; ಒಂದು ಕೊಕ್ಕೆ,
ಆಮೇಲೆ: ಅಥವಾ ಒಂದು ಒಂದಕ್ಕೆ ಸಮ.
ಅಲ್ಲ ಎನ್ನುವವರು ಯಾರು?
ಎಕ್ಸ್‌ಎಂಎಲ್ ಮರ ಬುಡದಿಂದ ಅಲುಗಿ
ಒಂದೊಂದು ಎಲೆಯೂ ಉದುರಿತು:
ಯಾರದೋ ಗರ್ಭ, ಯಾರದೋ ಹುಚ್ಚು, ಪಾದ್ರಿಯ ಯಕೃತ್ತು.
ಅವಳು ಓದಲಿಲ್ಲ.
ಒಂದೇ ಒಂದು ಸಾಲು ಓದಿದಳು. ಚಿಕ್ಕಮ್ಮನದು.

ಬೆಳಿಗ್ಗೆ ಆಕ್ಲೆಂಡಿನ ಗುತ್ತಿಗೆದಾರನ ಉತ್ತರ:
"ಆ ಚುಕ್ಕೆಗಳನ್ನೆಲ್ಲ ಅಳಿಸಿ, ಆಯಿತಲ್ಲ."
ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯ!
ಅದು ಚುಕ್ಕೆಯಲ್ಲ, ಅಕ್ಷರ. ಉಸಿರು ಒಂದು ಗಳಿಗೆ
ಗಂಟಲಲ್ಲಿ ನಿಂತು ಮುಂದೆ ಹೋಗುವ ಸದ್ದು.
ಅದಿದ್ದರೆ 'ಅವ: ಹಿರಿಯರು ಕೂತು ಕುಡಿಯುವ ಬೇರಿನ ರಸ.
ಅಳಿಸಿದರೆ ಅವ: ಹವಳದ ದಿಬ್ಬದಲ್ಲಿ
ಕಡಲು ಒಳನುಗ್ಗುವ ಬಿರುಕು.

ಅವಳು ಚುಕ್ಕೆ ಮುಟ್ಟಲಿಲ್ಲ, ಸಾಲು ಬಿಚ್ಚಿದಳು.
ಮೊದಲು ಪ್ರಶ್ನೆ ಪೂರ್ತಿ ಬರೆದು ಗಟ್ಟಿಮಾಡಿ,
ಹೆಸರಿಗೆಂದು ನಡುವೆ ಖಾಲಿ ಚಿಪ್ಪೊಂದನ್ನು ಇಟ್ಟಳು.
ಆಮೇಲೆ ಏನು ಬೇಕಾದರೂ ಸುರಿಯಲಿ, ಕೊಕ್ಕೆ, ಅಥವಾ, ಒಂದು, ಒಂದು,
ಚಿಪ್ಪಿನೊಳಗಿನದು ಚಿಪ್ಪಿನೊಳಗೇ.
ಕುಡಿಯುವ ರಸ ಎಲ್ಲಾದರೂ
ಮುಂದಿನ ಸರದಿ ಯಾರದೆಂದು ಕೂಗುತ್ತದೆಯೇ?

ಸೋಮವಾರ ಅಜ್ಜ ಸಿಕ್ಕ,
ಗುರುತಿನ ಸಮೇತ, ಕೆಮ್ಮಿನ ಸಮೇತ.
"ನನ್ನ ಹೆಸರಿನ ಅರ್ಥವೇ ಕೇಳು ಅಂತ,
ನಿಮ್ಮ ಪೆಟ್ಟಿಗೆಗೆ ಈಗ ಕಿವಿ ಬಂತು" ಎಂದ.

ಸಂಜೆ ಚಿಕ್ಕಮ್ಮ ಮೀನು ಬಡಿಸುತ್ತಾ ಕೇಳಿದಳು:
"ಏನೇ, ಹಾಗೆ ನೋಡುತ್ತೀಯ?"
ಫೆತುವಾವೊ ಬಾಯಿ ತೆರೆದಳು.
ಉಸಿರು ಗಂಟಲವರೆಗೆ ಬಂದು
ನಿಂತಿತು.
"ಉಪ್ಪು ಕೊಡು" ಅಂದಳು.