ಬೆನ್ನಿನ ಕೆಳಗೆ

ಮೊದಲ ರಾತ್ರಿ ಐಲಿ ನಂಬಿದ್ದು ಮೇಲಿನ ಹೊದಿಕೆಯನ್ನು:
ಬಾತುಗರಿಯ ದಪ್ಪ ಚೀಲ, ಕತ್ತಿನವರೆಗೂ ಜಿಪ್ಪು.
ಎರಡು ಹೆಮ್ಲಾಕ್ ಮರಗಳ ನಡುವೆ ಜೋಲಿ,
ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ.
ಎರಡು ಗಂಟೆಗೆ ಎಚ್ಚರ.
ಎದೆ ಬೆಚ್ಚಗೆ, ಬೆನ್ನು ಮಂಜುಗಡ್ಡೆ,
ಒಂದೇ ಮಗ್ಗುಲು ಬೆಂದ ರೊಟ್ಟಿ.

ಆಮೇಲೆ ಫೋಮ್ ಚಾಪೆ.
ಹನ್ನೆರಡು ಡಾಲರು. ಹಗುರ. ನೀರು ಕುಡಿಯುವುದಿಲ್ಲ.
ಆದರೆ ಹೊರಳಿದಾಗೆಲ್ಲ ಜಾರಿ ಜಾರಿ
ಬೆಳಗಾಗುವಷ್ಟರಲ್ಲಿ ಮಂಡಿಯ ಹತ್ತಿರ
ಬೇರೆ ಸಂಸಾರ ಹೂಡಿತ್ತು.

ಮರ ಕಡಿಯುವ ಕ್ಯಾಂಪುಗಳಲ್ಲಿ ಮುಪ್ಪಾದ ಟೌನೊ
ಒಂದು ಹಿಡಿ ಗರಿ ಮುಷ್ಟಿಯಲ್ಲಿ ಹಿಚುಕಿ ತೋರಿಸಿದ:
"ನೋಡು, ಎಲ್ಲಿ ಹೋಯಿತು ಬಿಸಿ?
ಮಲಗಿದವಳ ಭಾರಕ್ಕೆ ಹೀಗೇ ಸಾಯುತ್ತದೆ.
ಅದರ ಮೇಲೆ ಮಲಗಬೇಡ,
ನಿನ್ನ ಕೆಳಗೆ ಅದರ ಪಾಡಿಗೆ ಅದು ತೂಗಲಿ."

ಈ ಜನವರಿ, ಜೋಲಿಯ ಕೆಳಗೊಂದು ಜೋಲಿ,
ಅವನೇ ಹೊಲಿದ ಹಳದಿ ರಜಾಯಿ.
ಹುರಿ ಸಡಿಲಾದರೆ ಸಂದಿಯಲ್ಲಿ ಗಾಳಿ,
ಬಿಗಿದರೆ ಗರಿ ಅಪ್ಪಚ್ಚಿ.
ಟೌನೊ ಕೈಚೀಲ ಕಳಚಿ, ಕೆಳಗಿನಿಂದ ಅಂಗೈ ತೂರಿಸಿ
ಹಿಟ್ಟಿನ ಹದ ನೋಡುವವರ ಹಾಗೆ ನೋಡಿದ.
"ಇನ್ನು ಅರ್ಧ ಬೆರಳು ಬಿಡು."
"ಸಾಕಾ?"
"ತಲೆಯ ಕಡೆ ಸ್ವಲ್ಪ."

ಬೆನ್ನಿಗೆ ನಿಂತವರು
ಬೆನ್ನಿಗೆ ಗೊತ್ತಾಗಬಾರದೇನೋ.
ಐಲಿ ಕೇಳಬೇಕೆಂದಿದ್ದಳು, ಅಷ್ಟರಲ್ಲಿ ನಿದ್ದೆ.

ಮೈನಸ್ ಹತ್ತೊಂಬತ್ತು.
ಹಿಮ ತುಳಿದು ಗಟ್ಟಿ ಮಾಡಿದ ನೆಲದ ಮೇಲೆ
ಟೌನೊ ಸುರುಳಿ ಬಿಚ್ಚಿ ಹಾಸಿದ
ಅವಳ ಹಳೇ ಚಾಪೆ,
ಹನ್ನೆರಡು ಡಾಲರಿನದು.