ಮೂರನೆಯ ತುತ್ತು

ರಾತ್ರಿ ಎಂಟೂವರೆಗೆ ಲ್ಯಾಬಿನ ಬಾಗಿಲು ಹಾಕಿ
ಎರಡು ಸ್ಕೂಟರಿನಲ್ಲಿ ನಾಲ್ವರೂ ಹೊರಟೆವು.
ಫಿಲೋಮಿನಾಳ ರಿಟೈರ್‌ಮೆಂಟಿಗೆ ಇನ್ನು ಹನ್ನೊಂದು ದಿನ.
ಅದೇ ಗೋಬಿ, ಅದೇ ಬಟರ್ ನಾನ್ ಬೇಡ ಕಣ್ರೇ, ಅಂದಿದ್ದಳು.
ಯಾರಿಂದಲೋ ಕೇಳಿ ಬಂದಿದ್ದಳು:
ವಿನೋಬನಗರದಲ್ಲಿ, ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ,
ಶಂಕರಘಟ್ಟದಲ್ಲಿ ಪಿಎಚ್‌ಡಿ ಮಾಡುವ ಹುಡುಗಿಯೊಬ್ಬಳು
ಶನಿವಾರ ಮಾತ್ರ ಊಟ ಹಾಕುತ್ತಾಳಂತೆ.
ಇಥಿಯೋಪಿಯಾದವಳು.

ಅಲ್ಲಿ ಊಟ ಇದೆಯಾ, ಎಂದಳು ಚೂಡಾಮಣಿ.
ಎಂಬತ್ತರ ದಶಕದ ಪೇಪರಿನ ಫೋಟೋ ಅವಳ ತಲೆಯಲ್ಲಿ.
ನನ್ನ ತಲೆಯಲ್ಲೂ. ಸುಳ್ಳೇಕೆ.

ಹೆಸರು ತ್ಸೆಹಾಯ್.
ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಸಹಾಯ ಆಗಿತ್ತು.
ಅರ್ಥ ಸೂರ್ಯ, ಎಂದು ನಕ್ಕಳು. ತಿದ್ದಲಿಲ್ಲ.

ಬುಟ್ಟಿಯಂಥ ಮೇಜು ಒಂದು, ತಟ್ಟೆ ಒಂದೇ ಒಂದು.
ತಟ್ಟೆ ತುಂಬ ಹಾಸಿದ ಕಂದು ದೋಸೆ,
ಒಂದೇ ಮಗ್ಗುಲು ಬೆಂದದ್ದು, ಮೈತುಂಬ ತೂತು.
ಕಣ್ಣು ಅಂತೀವಿ ಇದಕ್ಕೆ, ಅಂದಳು.
ಇಪ್ಪತ್ತೇಳು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವಳು ನಾನು,
ಮೊದಲ ಸಲ ಸ್ಲೈಡೇ ನನ್ನನ್ನು ನೋಡಿತು.

ಅವರ ಧಾನ್ಯ ಇಲ್ಲಿ ಸಿಗದು. ರಾಗಿ, ಒಂದಿಷ್ಟು ಅಕ್ಕಿ,
ಮೂರು ದಿನ ಹುಳಿ ಬರಿಸಿದ್ದು.
ಮೇಲೆ ಗುಡ್ಡೆ ಗುಡ್ಡೆ: ಕೆಂಪಗೆ ಮಸೂರ್ ಬೇಳೆ,
ಕಡಲೆ ಹಿಟ್ಟಿನದೊಂದು, ಸೊಪ್ಪು,
ಆಚೆ ತುದಿಗೆ ಇಡೀ ಮೊಟ್ಟೆ ಅಡಗಿದ ಕೋಳಿ.

ನಮ್ಮ ಮದುವೆಮನೇಲಿ ಹೀಗೇ, ಎಂದು ರುಖಿಯಾ ತೋಳು ಮಡಿಸಿದಳು.
ಚೂಡಾಮಣಿ ಬ್ಯಾಗಿನಿಂದ ಸ್ಟೀಲ್ ಚಮಚ ತೆಗೆದಳು.
ಎಂಜಲು ಎಂಬ ಪದವನ್ನು ಯಾರೂ ಆಡಲಿಲ್ಲ.
ಅದು ಐದನೆಯವಳ ಹಾಗೆ ನಮ್ಮ ಜೊತೆ ಕೂತಿತ್ತು.

ಇಪ್ಪತ್ತು ವರ್ಷ ಒಂದೇ ಬೆಂಚಿನ ಮೇಲೆ
ನಾಲ್ಕು ಡಬ್ಬಿ ಬಿಚ್ಚಿದ್ದೇವೆ ನಾವು.
ಗಡಿ ದಾಟಿದ್ದು ಉಪ್ಪಿನಕಾಯಿ ಒಂದೇ,
ಅದೂ ಚಮಚದಲ್ಲಿ.

ಹುಡುಗಿ ಚೂರು ಹರಿದಳು, ಬೇಳೆ ಸುತ್ತಿದಳು,
ನೇರ ಚೂಡಾಮಣಿಯ ಮುಖದೆದುರು ಹಿಡಿದಳು.
ಗುರ್ಶಾ. ಬೇಡ ಅನ್ನಬಾರದು.
ಚೂಡಾಮಣಿ ಬಾಯಿ ತೆರೆದದ್ದು
ಬೇಡ ಅನ್ನಲಿಕ್ಕೇ.

ಅಗಿದಳು. ನಾವು ಮೂವರೂ ಅವಳ ಗಂಟಲನ್ನೇ ನೋಡಿದೆವು.
ಖಾರ ಬ್ಯಾಡಗಿಯದಲ್ಲ, ಏಲಕ್ಕಿ ಇದೆ, ಮೆಂತ್ಯ ಇದೆ,
ಎಂದಳು, ರಿಪೋರ್ಟ್ ಓದುವ ಧ್ವನಿಯಲ್ಲಿ.

ಒಂದು ತುತ್ತಿಟ್ಟರೆ ಹಗೆ, ಎರಡಿಟ್ಟರೆ ದೂರ,
ಮೂರಾದರೆ ನಂಟು, ಎಂದಳು ಸಹಾಯ.
ನಮ್ಮಲ್ಲಿ ಮೂರು ಬಡಿಸುವುದಿಲ್ಲ, ಎಂದೆ ನಾನು.
ಮೂರನೆಯ ದೋಸೆ ಹಾಕಿದರೆ ನಮ್ಮತ್ತೆ
ನಾಲ್ಕನೆಯದರ ಚೂರು ಮುರಿದು ಜೊತೆಗಿಡುತ್ತಿದ್ದರು.
ಹಾಗಾದರೆ ನಿಮ್ಮಲ್ಲಿ ನಂಟು ಹೇಗೆ ಆಗೋದು?
ತಿಳಿಯಬೇಕೆಂದೇ ಕೇಳಿದಳು.
ಜಗಳ ಆಡ್ತೀವಿ, ಎಂದಳು ಫಿಲೋಮಿನಾ.

ಅಷ್ಟರಲ್ಲಿ ರುಖಿಯಾಳ ಕೈ ನನ್ನ ಬಾಯಿಯ ಹತ್ತಿರ.
ಕೊನೆಯ ಸಲ ಹೀಗೆ ತಿಂದದ್ದು ಒಂಬತ್ತನೇ ಕ್ಲಾಸಿನಲ್ಲಿ,
ಟೈಫಾಯ್ಡು, ಗಂಜಿ, ಅಕ್ಕನ ಕೈ.
ಆಮೇಲಿನ ಊಟವೆಲ್ಲ ನನ್ನ ಕೈಯದೇ.
ಬೆರಳು ತುಟಿಗೆ ತಗುಲಿತು.
ಗ್ಲೌಸಿಲ್ಲದೆ ರುಖಿಯಾಳ ಕೈ ಅಷ್ಟು ಬಿಸಿ ಎಂದು
ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಹಸಿ ಕಾಫಿ ಬೀಜ ಕಣ್ಣೆದುರೇ ಹುರಿದಳು,
ಬಾಣಲೆ ಹಿಡಿದು ಒಬ್ಬೊಬ್ಬರ ಮೂಗಿಗೂ ಹೊಗೆ ತಂದಳು,
ಮಂಗಳಾರತಿ ತಂದ ಹಾಗೆ.
ನಿಮ್ಮೂರಿಂದ ತಂದ ಬೀಜವಾ ಎಂದರೆ
ಕೊಪ್ಪ, ಎಂದಳು, ಪಕಾರವನ್ನು ಚೆನ್ನಾಗಿ ಒತ್ತಿ.

ಕಡೆಗೆ ಹಾಸಿದ್ದನ್ನೂ ತಿಂದೆವು.
ಎಲ್ಲ ಗುಡ್ಡೆಗಳೂ ಸೋರಿ ಇಳಿದ ಜಾಗ.
ಸೊಪ್ಪು ಎಲ್ಲಿ ನಿಂತಿತು, ಕೋಳಿ ಎಲ್ಲಿಂದ ಶುರು,
ಚೂಡಾಮಣಿ ನೋಡಲಿಲ್ಲ, ನಾವು ಹೇಳಲಿಲ್ಲ.

ಸೋಮವಾರ ಮಧ್ಯಾಹ್ನ ಅದೇ ಬೆಂಚು, ನಾಲ್ಕು ಡಬ್ಬಿ.
ಚೂಡಾಮಣಿ ಬ್ಯಾಗೆಲ್ಲ ತಡಕಿದಳು.
ಚಮಚ ಅಲ್ಲೇ ಬಿಟ್ಟೆ ಕಣ್ರೇ.
ಯಾರೂ ತಮ್ಮದನ್ನು ಕೊಡಲಿಲ್ಲ.
ಸುಮ್ಮನೆ ಕೂತಿದ್ದು, ಎಲ್ಲೋ ನೋಡುತ್ತ,
ಫಿಲೋಮಿನಾಳ ಡಬ್ಬಿಗೆ ಕೈ ಹಾಕಿ
ಬದನೆಕಾಯಿಯ ಒಂದು ಹೋಳು ತೆಗೆದುಕೊಂಡಳು.

ಒಂದಕ್ಕೆ ಹಗೆ ಕಣೇ, ಎಂದಳು ಫಿಲೋಮಿನಾ,
ಇನ್ನೆರಡು ತಗೋ.
ಒಂಬತ್ತೇ ದಿನ ಉಳಿದಿರೋದು.